ತಾನಾಗಿ ಉಬ್ಬುವ ಅಕ್ಷರಗಳು

ಅಥವಾ ಪುಟ ಸರಿಯಾಗಿಯೇ ಇದ್ದು, ತನಗೇ ನೋಡಲು ಬರುತ್ತಿಲ್ಲವೋ ಏನೋ. ಅವನು ಕುರ್ಚಿಯನ್ನು ಹಿಂದಕ್ಕೆ ಸರಿಸಿ, ತಲೆಯನ್ನು ಓರೆ ಮಾಡಿ ಪರದೆಯನ್ನು ಮತ್ತೆ ನೋಡಿದ. ಸಾಲುಗಳು ಒಂದರ ಮೇಲೊಂದು ಹತ್ತಿ ಕುಳಿತಿದ್ದವು. ‘ಬಟ್ಟೆಯ ವಿಧ’ ಎಂಬ ಶೀರ್ಷಿಕೆಯ ಅರ್ಧಭಾಗ ಕೆಳಗಿನ ‘ಕಲೆ ಇದೆಯೇ’ ಎಂಬ ಪ್ರಶ್ನೆಯ ಹೊಟ್ಟೆಯೊಳಗೆ ಹೋಗಿತ್ತು. ಬಲಗಡೆ ಇರಬೇಕಾದ ಚಿತ್ರಗಳು ಎಡಗಡೆಗೆ ಜಾರಿ ಬಂದಿದ್ದವು. ಎಲ್ಲಕ್ಕೂ ಕೊನೆಯಲ್ಲಿ ‘ಮುಗಿಯಿತು’ ಎಂಬ ಗುಂಡಿ ಇರಬೇಕು, ಇರಲಿಲ್ಲ. ಇಲ್ಲದ್ದನ್ನು ಇಲ್ಲ ಎಂದು ಬರೆದು ಕಳಿಸುವುದೇ ಅವನ ಕೆಲಸ. ನಿನ್ನೆ ಹಾಗೆಯೇ ಬರೆದಿದ್ದ. ‘ಇದೆಯಲ್ಲ’ ಎಂಬ ಉತ್ತರ ಬಂದಿತ್ತು. ಎಲ್ಲರಿಗೂ ಕಾಣುವುದು ತನಗೊಬ್ಬನಿಗೇ ಕಾಣದಿದ್ದರೆ ಅದನ್ನು ಏನೆಂದು ಬರೆಯಬೇಕು?

ಪುಟಗಳು ಜನರ ಕೈಗೆ ಹೋಗುವ ಮೊದಲು ಅವನ್ನು ಒಂದೊಂದಾಗಿ ತೆರೆದು, ಎಲ್ಲಿ ಏನು ಕೆಟ್ಟಿದೆ ಎಂದು ಹೇಳುವ ಕೆಲಸ ಅದು. ಕೆಲಸ ಸಿಕ್ಕಿದೆ ಎನ್ನುವಂತೆಯೂ ಇರಲಿಲ್ಲ; ಸ್ವಲ್ಪ ದಿನ ನೋಡಿ ಹೇಳುತ್ತೇವೆ ಎಂದಿದ್ದರು. ತತ್ವಶಾಸ್ತ್ರದಲ್ಲಿ ಪದವಿ ಮುಗಿಸಿ, ಮನೆಯ ಗೋಡೆಯ ಬಿರುಕುಗಳೆಲ್ಲ ಬಾಯಿಪಾಠವಾಗುವಷ್ಟು ಕಾಲ ಸುಮ್ಮನೆ ಕೂತವನಿಗೆ ಬಂದ ಮೊದಲ ಅವಕಾಶ. ಅದೂ ತಾನಾಗಿ ಬಂದದ್ದಲ್ಲ. ಅವನ ಅಪ್ಪ ಒಂದು ಲಾಂಡ್ರಿಯಲ್ಲಿ ರಫೂ ಕೆಲಸ ಮಾಡುತ್ತಾನೆ. ಹರಿದ ಕೋಟು, ಕಿಡಿ ಬಿದ್ದು ತೂತಾದ ಶಾಲು, ಇಲಿ ಕಚ್ಚಿದ ಪ್ಯಾಂಟು ಯಾವುದೇ ಬರಲಿ, ಅದೇ ಬಟ್ಟೆಯ ಒಳ ಅಂಚಿನಿಂದ ಎಳೆ ಬಿಡಿಸಿಕೊಂಡು, ಹಾಸುಹೊಕ್ಕು ಎರಡನ್ನೂ ಸೂಜಿಯಲ್ಲೇ ನೇಯ್ದು, ಹರಿದಿದ್ದೇ ಸುಳ್ಳು ಅನ್ನಿಸುವಂತೆ ಮಾಡುತ್ತಾನೆ. ಆ ಲಾಂಡ್ರಿಯ ಮಾಲೀಕರು ಆರ್ಡರ್ ಬರೆದುಕೊಳ್ಳಲು ಹೊಸ ಪುಟ ಮಾಡಿಸುತ್ತಿದ್ದರು. ಯಾರ ಮನೆಯಲ್ಲೂ ಒಂದು ಲೋಟ ನೀರು ಕೂಡ ಬಾಯಿಬಿಟ್ಟು ಕೇಳದ ಅಪ್ಪ, ಅವರ ಮುಂದೆ ನಿಂತು, “ನಮ್ಮ ಹುಡುಗ ಓದ್ಕೊಂಡು ಮನೇಲಿ ಕೂತಿದಾನೆ. ಆ ಕಂಪನಿಯವರಿಗೆ ಒಂದು ಮಾತು ಹೇಳಿ,” ಎಂದು ಕೇಳಿದ್ದ. ಮಾಲೀಕರು ಹೇಳಿದರು. ಕಂಪನಿಯ ಮೇಲ್ವಿಚಾರಕಿ, “ಹಾಗಾದ್ರೆ ನಿಮ್ಮ ಲಾಂಡ್ರಿ ಪೇಜೇ ಮೊದಲು ನೋಡಲಿ ಬಿಡಿ, ಬಟ್ಟೆ ವಿಷಯ ಗೊತ್ತಿರುತ್ತೆ,” ಎಂದರಂತೆ. ಹಳೆಯ ಕಂಪ್ಯೂಟರ್ ಪ್ರಾಣ ಬಿಟ್ಟು ಎಷ್ಟೋ ಕಾಲವಾಗಿತ್ತು. ಈ ಕೆಲಸಕ್ಕೆಂದೇ ಹೊಸ ಲ್ಯಾಪ್‌ಟಾಪ್ ಬಂತು.

ತೆರೆದ ದಿನ ಅದರ ಬ್ರೌಸರ್ ಖಾತೆ ಯಾವುದು ಎಂದು ಕೇಳಿತು. ಅವನು ಯೋಚಿಸದೆ ಮನೆಯ ಖಾತೆಯನ್ನೇ ಕೊಟ್ಟ. ಅವರ ಮನೆಯಲ್ಲಿ ಒಂದೇ ಬಾಚಣಿಗೆ, ಒಂದೇ ಬೀಗದಕೈ ಗೊಂಚಲು, ಒಂದೇ ಖಾತೆ. ಅಪ್ಪ ಯಾವಾಗಲೋ ತೆರೆದದ್ದು. ಅಮ್ಮ ನೋಡುವ ವಿಡಿಯೋಗಳು, ತಂಗಿಯ ಕಾಲೇಜಿನ ಪಾಠಗಳು, ಅಂಗಡಿಯ ಕಂಪ್ಯೂಟರಿನಲ್ಲಿ ಅಪ್ಪ ಕೇಳುವ ಹಾಡುಗಳು, ಎಲ್ಲವೂ ಅದರಲ್ಲೇ. ಬೇರೆ ಖಾತೆ ತೆರೆಯಬಹುದು ಎಂಬುದು ಆ ಮನೆಯಲ್ಲಿ ಬೇರೆ ಒಲೆ ಹೂಡಬಹುದು ಎಂಬಷ್ಟೇ ದೂರದ ವಿಚಾರವಾಗಿತ್ತು.

ಫೋನು ಬಂತು. ಮೇಲ್ವಿಚಾರಕಿ. ಮುಖ ನೋಡಿರಲಿಲ್ಲ, ದನಿ ಮಾತ್ರ ಗೊತ್ತು.

“ನೀವು ಕಳಿಸಿರೋ ದೋಷ ಒಂದೂ ಇಲ್ಲಿ ಕಾಣ್ತಿಲ್ವಲ್ರೀ. ಗುಂಡಿ ಇಲ್ಲ ಅಂತೀರ. ನನ್ನ ಕಣ್ಣೆದುರಿಗೇ ಇದೆ. ಒತ್ತಿದೆ, ಕೆಲಸಾನೂ ಮಾಡ್ತು.”

“ನನ್ನಲ್ಲಿ ಇಲ್ಲ ಮೇಡಂ. ಫೋಟೋ ಕಳಿಸಿದೀನಿ.”

“ನೋಡಿದೆ. ಪೇಜಿನ ಮೇಲೆ ಎಮ್ಮೆ ಮಲಗಿ ಎದ್ದು ಹೋದ ಹಾಗಿದೆ. ಅದು ನಿಮ್ಮ ಲ್ಯಾಪ್‌ಟಾಪಿನ ತೊಂದರೆ, ನಮ್ಮ ಪೇಜಿಂದಲ್ಲ. ಮೊದಲು ಅದನ್ನ ಸರಿ ಮಾಡ್ಕೊಳ್ಳಿ. ಇನ್ನೊಂದು ಸಲ ಇಲ್ಲದ ದೋಷ ಬಂದ್ರೆ ನಿಮ್ಮನ್ನ ಮುಂದುವರಿಸೋದು ನನಗೂ ಕಷ್ಟ ಆಗುತ್ತೆ. ಬೇಜಾರು ಮಾಡ್ಕೋಬೇಡಿ, ಇದ್ದದ್ದು ಹೇಳ್ದೆ.”

ಅವನಿಗೆ ಬೇಜಾರಾಗಲಿಲ್ಲ. ದಿಕ್ಕು ತೋಚಲಿಲ್ಲ, ಅಷ್ಟೆ. ಹೊಸ ಲ್ಯಾಪ್‌ಟಾಪ್. ಪರದೆಯ ಮೇಲೆ ಅಂಟಿಸಿದ ತೆಳು ಹಾಳೆಯನ್ನೂ ಇನ್ನೂ ಪೂರ್ತಿ ಕಿತ್ತಿರಲಿಲ್ಲ. ಬ್ರೌಸರಿನಲ್ಲಿ ಕೂಡಿಟ್ಟ ಹಳೆಯ ಕಡತಗಳನ್ನೆಲ್ಲ ಅಳಿಸಿದ. ಆರಿಸಿ ಹಚ್ಚಿದ. ವೈಫೈ ಪೆಟ್ಟಿಗೆಯನ್ನೂ ಆರಿಸಿ ಹಚ್ಚಿದ. ಪುಟದ ಅಳತೆ ನೂರಕ್ಕೆ ನೂರೇ ಇದೆಯೇ ಎಂದು ನೋಡಿದ, ಇತ್ತು. ಇನ್ನೊಂದು ಬ್ರೌಸರ್ ಹಾಕಿ ಅದರಲ್ಲಿ ತೆರೆದ. ಅಲ್ಲಿ ಪುಟ ಇಸ್ತ್ರಿ ಮಾಡಿದ ಅಂಗಿಯಂತೆ ನೀಟಾಗಿ ಬಂತು, ಗುಂಡಿಯೂ ಸೇರಿ. ಆದರೆ ಲಾಂಡ್ರಿಯವರು ಬಳಸುವುದು ಮೊದಲ ಬ್ರೌಸರನ್ನು. ಅದರಲ್ಲೇ ನೋಡಬೇಕೆಂದು ಕಂಪನಿಯ ಅಪ್ಪಣೆ. ಅದರಲ್ಲಿ ಮತ್ತೆ ತೆರೆದರೆ ಎಮ್ಮೆ ಮಲಗಿತ್ತು.

ಕಾಲೇಜಿಗೆ ಹೊರಟಿದ್ದ ತಂಗಿ ಚಪ್ಪಲಿ ಹಾಕಿಕೊಳ್ಳುತ್ತಲೇ ಇಣುಕಿದಳು. “ಏನೋ ಅದು, ಜಾತ್ರೆ ಥರ?”

“ನಿನ್ನ ಫೋನಲ್ಲಿ ಈ ಪೇಜ್ ತೆಗೆದು ತೋರಿಸು.”

ತೆಗೆದಳು. ಸರಿಯಾಗಿತ್ತು. “ಇಲ್ಲಿ ಎಲ್ಲಾ ಇದೆಯಲ್ಲಣ್ಣ. ನೀನು ಓದಿದ್ದೇ ಅದಲ್ವಾ, ಇರೋದು ಇಲ್ಲ, ಇಲ್ಲದ್ದು ಇದೆ ಅಂತ? ನಿನಗೆ ತಕ್ಕ ಲ್ಯಾಪ್‌ಟಾಪ್ ಸಿಕ್ಕಿದೆ ಬಿಡು.”

“ಹೋಗೆ, ತಡ ಆಗುತ್ತೆ.”

“ಅಪ್ಪನ ಸೂಜಿಗಳಿಗೆ ದಾರ ಪೋಣಿಸಿ ಅಲ್ಲೇ ಮೇಜಿನ ಮೇಲೆ ಇಟ್ಟಿದೀನಿ. ನೀನೂ ಒಂದಿನ ಪೋಣಿಸು. ನನ್ನ ಬೆರಳು ಸವೆದು ಹೋಯ್ತು. ಅಪ್ಪಂಗೆ ಕೈ ನೋವಂತೆ, ನಿನಗೇನು ರೋಗ?”

ಅವಳು ಹೋದಳು. ಅಮ್ಮ ಆಗಲೇ ಶಿಶುವಿಹಾರದ ಕೆಲಸಕ್ಕೆ ಹೋಗಿದ್ದಳು. ಅಪ್ಪ ಸೂಜಿಗಳ ಡಬ್ಬಿಯನ್ನು ಜೇಬಿಗಿಟ್ಟುಕೊಂಡು ಅಂಗಡಿಗೆ ಹೊರಟ. ಬಾಗಿಲ ಬಳಿ ಒಂದು ಕ್ಷಣ ನಿಂತು, “ನಡೀತಾ ಇದೆಯಾ?” ಎಂದು ಕೇಳಿದ. “ಹ್ಞೂಂ,” ಎಂದ ಅವನು. ಅವರಿಬ್ಬರ ನಡುವೆ ಅದು ಉದ್ದದ ಸಂಭಾಷಣೆಯೇ.

ಮಧ್ಯಾಹ್ನ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಮುಖ್ಯರಸ್ತೆಯ ರಿಪೇರಿ ಅಂಗಡಿಗೆ ಹೋದ. ಅಲ್ಲಿನವನಿಗೆ ಬೀದಿಯವರೆಲ್ಲ ಸರ್ಜನ್ ಎನ್ನುತ್ತಿದ್ದರು. ಯಾವ ಕಾಯಿಲೆಗೂ ಮೊದಲು ಹೊಟ್ಟೆ ಬಿಚ್ಚಿಯೇ ನೋಡುವವನು. ಸ್ಕ್ರೂಡ್ರೈವರ್ ಕೈಗೆತ್ತಿಕೊಂಡವನ ಮಣಿಕಟ್ಟನ್ನು ಅವನು ಹಿಡಿದುಕೊಂಡ.

“ಬಿಚ್ಚಬೇಡಿ. ಹೊಸದು. ಪೇಜ್ ಮಾತ್ರ ಸರಿ ಕಾಣಲ್ಲ.”

“ಕಾಣಲ್ಲ ಅಂದ್ರೆ ಡಿಸ್‌ಪ್ಲೇ. ಡಿಸ್‌ಪ್ಲೇ ಅಂದ್ರೆ ಒಳಗಿನ ವಿಷಯ ಅಲ್ವಾ ಗುರುವೇ?”

“ಬೇರೆ ಬ್ರೌಸರಲ್ಲಿ ಸರಿ ಕಾಣುತ್ತೆ.”

ಸರ್ಜನ್ ನಿರಾಸೆಯಿಂದ ಸ್ಕ್ರೂಡ್ರೈವರ್ ಕೆಳಗಿಟ್ಟ. ಡಿಸ್‌ಪ್ಲೇಯ ತಂತ್ರಾಂಶವನ್ನು ಹೊಸದಾಗಿ ಇಳಿಸಿದ, ಉಪಯೋಗವಾಗಲಿಲ್ಲ. ಬಣ್ಣ ಬದಲಿಸಿದ, ಎಮ್ಮೆಯ ಬಣ್ಣ ಬದಲಾಯಿತು. ಕೊನೆಗೆ ಸೆಟ್ಟಿಂಗ್ಸ್‌ನಲ್ಲಿ ಒಂದರೊಳಗೊಂದು ಬಾಗಿಲು ತೆಗೆಯುತ್ತಾ ಹೋಗಿ, ‘ಕನಿಷ್ಠ ಅಕ್ಷರ ಗಾತ್ರ’ ಎಂಬಲ್ಲಿ ನಿಂತು ನಕ್ಕ. ಅಲ್ಲೊಂದು ಗೆರೆ, ಗೆರೆಯ ಮೇಲೊಂದು ಚುಕ್ಕಿ. ಚುಕ್ಕಿ ಪೂರ್ತಿ ಬಲತುದಿಯಲ್ಲಿತ್ತು.

“ನೋಡಿ. ಎಷ್ಟೇ ಸಣ್ಣ ಅಕ್ಷರ ಇದ್ರೂ ಇಷ್ಟು ದಪ್ಪ ಮಾಡೇ ತೋರಿಸು ಅಂತ ಹೇಳಿಬಿಟ್ಟಿದೀರ. ಪಾಪ ಪೇಜ್ ಏನು ಮಾಡುತ್ತೆ? ಇರೋ ಜಾಗ ಅಷ್ಟೇ, ಅಕ್ಷರ ಉಬ್ಬಿದ್ರೆ ಒಂದರ ಮೇಲೊಂದು ಬೀಳುತ್ತೆ, ಗುಂಡಿ ಕೆಳಗೆ ಹೂತು ಹೋಗುತ್ತೆ.” ಚುಕ್ಕಿಯನ್ನು ಎಡಕ್ಕೆ ಎಳೆದ. ಪುಟ ಉಸಿರು ಬಿಟ್ಟಂತೆ ತನ್ನ ಜಾಗಕ್ಕೆ ಮರಳಿತು. ‘ಮುಗಿಯಿತು’ ಎಂಬ ಗುಂಡಿ ಹಸಿರಾಗಿ ಕೂತಿತ್ತು.

“ನಾನು ಎಳೆದಿಲ್ಲ,” ಎಂದ ಅವನು.

“ನಾನೂ ಎಳೆದಿಲ್ಲಪ್ಪ. ಯಾರೋ ಎಳೆದಿದಾರೆ.”

“ಇದನ್ನ ಮುಟ್ಟೋನು ನಾನೊಬ್ಬನೇ.”

“ಹಾಗಾದ್ರೆ ನಿಮಗೆ ಮರೆವು,” ಎಂದು ಸರ್ಜನ್ ತೀರ್ಪು ಕೊಟ್ಟು, ಮುಂದಿನವರ ಟಿವಿಯ ಹೊಟ್ಟೆ ಬಿಚ್ಚಲು ಕೂತ.

ಆ ಸಂಜೆ ಮೇಡಂಗೆ ಬರೆದ: ದೋಷ ನನ್ನ ಲ್ಯಾಪ್‌ಟಾಪಿನದು, ಸರಿಯಾಗಿದೆ, ಹಿಂದೆ ಕಳಿಸಿದ್ದನ್ನೆಲ್ಲ ಬಿಟ್ಟುಬಿಡಿ. “ಒಳ್ಳೆಯದು, ಇನ್ನು ಎಚ್ಚರಿಕೆಯಿಂದ ನೋಡಿ,” ಎಂಬ ಉತ್ತರ ಬಂತು. ಊಟದ ಹೊತ್ತಿಗೆ ಅವನು ಎರಡು ಮಾತು ಹೆಚ್ಚೇ ಆಡಿದ. ಅಪ್ಪ ಅವನ ಮುಖದತ್ತ ನೋಡಿ ತಲೆಯಾಡಿಸಿದ.

ಮರುದಿನ ಬೆಳಗ್ಗೆ ಎಲ್ಲ ಸರಿಯಿತ್ತು. ಎಲ್ಲರೂ ಮನೆಯಿಂದ ಹೊರಟು ಸ್ವಲ್ಪ ಹೊತ್ತಾದ ಮೇಲೆ, ಚಹಾ ಬೆರೆಸಿಕೊಂಡು ಬಂದು ಕೂತವನು ಲೋಟವನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡ. ಎಮ್ಮೆ ಮಲಗಿತ್ತು. ಸೆಟ್ಟಿಂಗ್ಸ್ ತೆರೆದ. ಚುಕ್ಕಿ ಬಲತುದಿಯಲ್ಲಿತ್ತು.

ತಂಗಿಯೇ. ಇನ್ಯಾರು? ಹೊರಡುವ ಮುಂಚೆ ಬಂದು ಎಳೆದಿರಬೇಕು. ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಹಿಡಿದುಕೊಂಡ.

“ತಮಾಷೆಗೂ ಒಂದು ಮಿತಿ ಇರುತ್ತೆ. ನನ್ನ ಕೆಲಸ ಹೋಗುತ್ತೆ ಇದರಿಂದ, ಗೊತ್ತಾ?”

“ನಾನು ಏನು ಮಾಡ್ದೆ?”

“ಅಕ್ಷರ ದೊಡ್ಡದು ಮಾಡಿದ್ದು ಯಾರು?”

“ಅಯ್ಯೋ ನನ್ನಾಣೆ, ನಿನ್ನ ಲ್ಯಾಪ್‌ಟಾಪ್ ಮುಟ್ಟೋಕೂ ನನಗೆ ಹೆದರಿಕೆ. ಮುಟ್ಟಿದ್ರೆ ಕೈ ತೊಳ್ಕೊಂಡು ಬಾ ಅಂತೀಯ. ಅಮ್ಮ, ನೋಡಮ್ಮ ಇವನ್ನ, ಕಳ್ಳಿ ಅಂತಿದಾನೆ ನನ್ನ!”

“ಸುಮ್ನಿರ್ರೋ ಇಬ್ರೂ,” ಎಂದಳು ಅಮ್ಮ ಒಳಗಿನಿಂದ. “ದಿನಾ ಮೂವತ್ತು ಮಕ್ಕಳನ್ನ ಸುಮ್ಮನಿರಿಸಿ ಬರ್ತೀನಿ, ಮನೇಲೂ ಅದೇನಾ?”

ತಂಗಿಯ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ, ಅವಳಲ್ಲ ಎಂದು ಅವನಿಗೆ ಗೊತ್ತಾಯಿತು. ಗೊತ್ತಾದದ್ದರಿಂದ ಗೊಂದಲ ಇನ್ನೂ ಹೆಚ್ಚಿತು. ಚುಕ್ಕಿಯನ್ನು ಎಡಕ್ಕೆ ಎಳೆದು, ಲ್ಯಾಪ್‌ಟಾಪಿನ ಪಾಸ್‌ವರ್ಡ್ ಬದಲಿಸಿ ಮುಚ್ಚಿಟ್ಟ.

ಮರುದಿನ ಬೇರೇನೂ ಮಾಡದೆ ಅದರ ಮುಂದೆಯೇ ಕೂತ. ಮನೆ ಖಾಲಿಯಾಯಿತು. ಪಕ್ಕದ ಮನೆಯ ನಲ್ಲಿ ಸುರಿದು ನಿಂತಿತು. ಬೆಳಗಿನ ಬಿಸಿಲು ಮೇಜಿನ ಅಂಚಿಗೆ ಬಂತು. ಅವನು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದ, ತಾನೇ ಮುಟ್ಟಿಬಿಟ್ಟೇನು ಎಂಬಂತೆ. ಆಗ ಅವನ ಕಣ್ಣೆದುರಿಗೇ, ಯಾರೂ ಮುಟ್ಟದೆ, ಅಕ್ಷರಗಳು ಉಬ್ಬಿದವು. ಒಲೆಯ ಮೇಲಿನ ಹಾಲಿನಂತೆ ಒಮ್ಮೆಲೇ ಎದ್ದು, ಸಾಲುಗಳು ಒಂದನ್ನೊಂದು ತಳ್ಳಿ, ಗುಂಡಿ ಮುಳುಗಿಹೋಯಿತು.

ಅವನು ಸೆಟ್ಟಿಂಗ್ಸ್ ತೆರೆದು ಚುಕ್ಕಿಯನ್ನು ಎಡಕ್ಕೆ ಎಳೆದ. ಸರಿಯಾಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಉಬ್ಬಿತು. ಮತ್ತೆ ಎಳೆದ. ಮತ್ತೆ ಉಬ್ಬಿತು. ಈ ಸಲ ಬೇಗ, ಆ ಕಡೆ ಇರುವವರಿಗೂ ತಾಳ್ಮೆ ತಪ್ಪಿದಂತೆ. ಹಾಗೆ ಯೋಚಿಸಿದ ಮೇಲೆ ಅವನಿಗೆ ಗೊತ್ತಾಯಿತು, ತಾನು ‘ಆ ಕಡೆ ಇರುವವರು’ ಎಂದುಕೊಂಡಿದ್ದೇನೆ ಎಂದು. ಯಂತ್ರ ಕೆಟ್ಟರೆ ಹೀಗೆ ಕೆಡುವುದಿಲ್ಲ. ಯಂತ್ರಕ್ಕೆ ಹಟವಿರುವುದಿಲ್ಲ. ಯಾರೋ ಒಳಗಿದ್ದಾರೆ. ಕದಿಯಲು ಬಂದವರಾದರೆ ಕದಿಯಬೇಕು. ಇವರು ಏನನ್ನೂ ಕದಿಯುವುದಿಲ್ಲ, ಏನನ್ನೂ ಅಳಿಸುವುದಿಲ್ಲ. ಅಕ್ಷರ ದೊಡ್ಡದು ಮಾಡುತ್ತಾರೆ. ಅಷ್ಟೇ ಬೇಕಾಗಿರುವುದು ಅವರಿಗೆ. ಇಷ್ಟು ಸಣ್ಣ ಆಸೆಯ ಕಳ್ಳ ಯಾರು?

ಅವನು ಮಧ್ಯಾಹ್ನದವರೆಗೂ ಎಳೆದ. ಆಮೇಲೆ ಗೆದ್ದ. ಆ ಕಡೆಯವರು ಬಿಟ್ಟುಕೊಟ್ಟಂತೆ ಚುಕ್ಕಿ ಎಡದಲ್ಲೇ ಉಳಿಯಿತು. ಗೆದ್ದವನಿಗೆ ಖುಷಿಯಾಗಲಿಲ್ಲ. ಆ ಅವಸರದಲ್ಲಿ ಇನ್ನೆರಡು ದೋಷಗಳನ್ನು ಬರೆದು ಕಳಿಸಿದ್ದ. ಅವು ಉಬ್ಬಿದಾಗ ನೋಡಿದ್ದೋ ಸರಿಯಿದ್ದಾಗ ನೋಡಿದ್ದೋ ಎಂಬುದು ಕಳಿಸಿದ ಮೇಲೆ ಅವನಿಗೇ ನೆನಪಿಗೆ ಬರಲಿಲ್ಲ.

ಅಪ್ಪ ಆ ದಿನ ತಡವಾಗಿ ಬಂದ. ಊಟಕ್ಕೆ ಕೂತಾಗ ತಟ್ಟೆಯ ಅಂಚನ್ನು ಬೆರಳಿನಿಂದ ಸವರುತ್ತಾ ಕೇಳಿದ, “ಕಂಪ್ಯೂಟರಲ್ಲಿ ನಾವು ಒಂದು ಮಾಡಿಟ್ರೆ, ಅದು ತಾನಾಗೇ ಅಳಿಸಿ ಹೋಗುತ್ತಾ?”

“ಏನು ಮಾಡಿಟ್ರೆ?”

“ಏನೋ ಒಂದು. ಸುಮ್ನೆ ಕೇಳ್ದೆ.”

“ತಾನಾಗೇ ಏನೂ ಆಗಲ್ಲಪ್ಪ. ಯಾರಾದ್ರೂ ಮುಟ್ಟಿದ್ರೆ ಮಾತ್ರ ಆಗುತ್ತೆ.” ತನಗೆ ತಾನೇ ಹೇಳಿಕೊಂಡ ಹಾಗೆ ಸ್ವಲ್ಪ ಗಡುಸಾಗಿಯೇ ಹೇಳಿದ.

“ಮುಟ್ಟೋರು ಯಾರಿದಾರೆ?” ಎಂದು ಅಪ್ಪ ಅರ್ಧ ತನ್ನೊಳಗೇ ಅಂದುಕೊಂಡ. ಆಮೇಲೆ ಅಮ್ಮನ ಕಡೆ ತಿರುಗಿ, “ಇವತ್ತು ಒಂದು ಕೋಟು ತಪ್ಪಾಯ್ತು. ಮೊಣಕೈ ಮಾಡಬೇಕಿತ್ತು, ಕಾಲರ್ ಬಿಚ್ಚಿಬಿಟ್ಟೆ,” ಎಂದ.

“ನೀವಾ? ತಪ್ಪು ಮಾಡಿದ್ರಾ?”

“ಆರ್ಡರ್ ಸರಿಯಾಗಿ ಓದಲಿಲ್ಲ. ಮಾಲೀಕರು ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಒಂಥರಾ ಆಯ್ತು.”

ಅವನು ಕೇಳಿಸಿಕೊಂಡ. ಆದರೆ ಅವನ ತಲೆಯೊಳಗೆ ಚುಕ್ಕಿ ಎಡಕ್ಕೂ ಬಲಕ್ಕೂ ಓಡಾಡುತ್ತಿತ್ತು. ಜಾಗವಿರಲಿಲ್ಲ.

ಮರುದಿನ ಅಪ್ಪ ಫೋನು ಮರೆತು ಹೋಗಿದ್ದ. ಅದನ್ನು ಕೊಡಲು ಅವನು ಅಂಗಡಿಗೆ ನಡೆದ. ಲಾಂಡ್ರಿ ಇದ್ದದ್ದು ಎರಡು ಬೀದಿಗಳು ಸೇರುವ ಮೂಲೆಯಲ್ಲಿ. ಮುಂದೆ ಗಾಜಿನ ಬಾಗಿಲು, ಒಳಗೆ ಕೌಂಟರು, ಅದರ ಹಿಂದೆ ಪ್ಲಾಸ್ಟಿಕ್ ಹೊದ್ದು ತೂಗುವ ಬಟ್ಟೆಗಳ ಸಾಲು, ಆವಿಯ ವಾಸನೆ. ಮಾಲೀಕರು ಇರಲಿಲ್ಲ. ಇಸ್ತ್ರಿಯವನು ಒಂದು ಬಿಳಿ ಅಂಗಿಯ ತೋಳನ್ನು ಹಲಗೆಯ ಮೇಲೆ ಎಳೆದು ಒತ್ತುತ್ತಿದ್ದ. ಅಪ್ಪ ಬಾಗಿಲಿಗೆ ಬೆನ್ನು ಮಾಡಿ ಕಂಪ್ಯೂಟರಿನ ಮುಂದೆ ಕೂತಿದ್ದ. ಕೂತಿದ್ದ ಎನ್ನುವುದಕ್ಕಿಂತ ಪರದೆಗೆ ಮುಖ ಒತ್ತಿಕೊಂಡಿದ್ದ ಎನ್ನಬೇಕು. ಮೂಗು ತಾಗುವಷ್ಟು ಹತ್ತಿರ.

“ಏನ್ರೀ ರಫೂ ಸಾಹೇಬ್ರೇ, ಇವತ್ತೂ ಅಕ್ಷರ ಇರುವೆ ಆಗಿದಾವಾ?” ಎಂದು ಇಸ್ತ್ರಿಯವನು ತಲೆಯೆತ್ತದೆ ಕೇಳಿದ.

“ಆಗಿದಾವೆ ಮಾರಾಯ. ದಿನಾ ಬೆಳಗ್ಗೆ ಬಂದು ಇದೇ ಕೆಲಸ. ನಿನ್ನೆಯಂತೂ ನಾನು ದೊಡ್ಡದು ಮಾಡೋದು, ಅದು ಸಣ್ಣದು ಮಾಡೋದು. ಜಗಳಕ್ಕೆ ನಿಂತಿತ್ತು. ನೀನೇನಾದ್ರೂ ಮುಟ್ಟಿದ್ಯಾ?”

“ನನ್ನ ಕೈ ಯಾವಾಗ ಬಿಡುವಾಗಿರುತ್ತೆ ಮುಟ್ಟೋಕೆ? ಬೇಕಾದ್ರೆ ಇಸ್ತ್ರಿ ಪೆಟ್ಟಿಗೇನೇ ಇಡ್ತೀನಿ ಅದರ ಮೇಲೆ, ಬುದ್ಧಿ ಬರುತ್ತೆ.”

ಅಪ್ಪ ನಕ್ಕ. ನಗುತ್ತಲೇ ಮೌಸನ್ನು ಮೆಲ್ಲಗೆ ಸರಿಸಿದ. ಅವನು ಬಾಗಿಲಲ್ಲಿ ನಿಂತಿದ್ದಲ್ಲಿಂದ ಆ ಗೆರೆ ಕಾಣಿಸುತ್ತಿತ್ತು, ಗೆರೆಯ ಮೇಲಿನ ಚುಕ್ಕಿಯೂ. ಚುಕ್ಕಿ ಬಲತುದಿಗೆ ಹೋಯಿತು. ಪರದೆಯ ಮೇಲಿನ ಮೂಲೆಯಲ್ಲಿ ಮನೆಯ ಖಾತೆಯ ಪುಟ್ಟ ಚಿತ್ರವಿತ್ತು. ಒಂದು ಮನೆಗೆ ಒಂದೇ ಖಾತೆ. ಇಲ್ಲಿ ಬದಲಿಸಿದ್ದು ಅಲ್ಲೂ ಬದಲಾಗುತ್ತದೆ, ಅಲ್ಲಿ ಬದಲಿಸಿದ್ದು ಇಲ್ಲೂ. ಇದು ಅವನಿಗೆ ಗೊತ್ತಿಲ್ಲದ ವಿಷಯವೇನಲ್ಲ. ಈ ಗಳಿಗೆಯಲ್ಲಿ, ಖಾಲಿ ಮನೆಯ ಮೇಜಿನ ಮೇಲೆ, ಅವನ ಲ್ಯಾಪ್‌ಟಾಪಿನಲ್ಲಿ ಅಕ್ಷರಗಳು ಉಬ್ಬಿರಬೇಕು. ನಿನ್ನೆ ಬೆಳಗಿನಿಂದ ಮಧ್ಯಾಹ್ನದವರೆಗೆ ತಾನು ಎಳೆದಾಡಿದ್ದು ಯಾರ ಜೊತೆ ಎಂದು ಅವನಿಗೆ ತಿಳಿಯಿತು. ಯಾರು ಸೋತು ಬಿಟ್ಟುಕೊಟ್ಟರು, ಸೋತ ಮೇಲೆ ಯಾವ ಕೋಟಿನ ಕಾಲರು ಬಿಚ್ಚಿತು ಎಂದೂ. ತಂಗಿ ಸಾಲಾಗಿ ಪೋಣಿಸಿಡುವ ಸೂಜಿಗಳಿಗೂ ಕೈನೋವಿಗೂ ಏನೂ ಸಂಬಂಧವಿರಲಿಲ್ಲ.

ಬಾಗಿಲ ಗಾಳಿ ತಾಗಿ ಅಪ್ಪ ತಿರುಗಿದ. ಬೀದಿಯ ಬಿಸಿಲು ಮಗನ ಬೆನ್ನ ಹಿಂದಿತ್ತು. ಅಪ್ಪ ಎದ್ದು ನಿಂತು, ಅವನ ಮುಖದ ಕಡೆಗೇ ನೋಡುತ್ತಾ, ಅಂಗಡಿಯ ದನಿಯಲ್ಲಿ ಹೇಳಿದ:

“ಬನ್ನಿ ಸರ್. ಕೊಡೋದಾ, ತಗೊಂಡು ಹೋಗೋದಾ?”

‘ನಾನೇ, ಅಪ್ಪಾ’ ಎಂದರೆ ಆಗುತ್ತಿತ್ತು. ಆದರೆ ಹಾಗೆ ಅಂದರೆ, ‘ಸರ್’ ಎಂದು ಕರೆದದ್ದು ಸ್ವಂತ ಮಗನನ್ನು ಎಂದು ಅಪ್ಪನಿಗೆ ತಿಳಿಯುತ್ತದೆ, ಕಣ್ಣಿನ ವಿಷಯ ಮಗನಿಗೆ ಗೊತ್ತಾಯಿತು ಎಂದೂ ತಿಳಿಯುತ್ತದೆ. ಇಸ್ತ್ರಿಯವನು ತಲೆಯೆತ್ತಿ ನೋಡಿದ. ಅವನನ್ನು ಗುರುತು ಹಿಡಿದ. ಪೆಟ್ಟಿಗೆಯನ್ನು ಮೆಲ್ಲಗೆ ನಿಲ್ಲಿಸಿ, ಅಪ್ಪನ ಬೆನ್ನ ಹಿಂದಿನಿಂದ ಅವನನ್ನೇ ನೋಡುತ್ತಾ,

“ಎದುರುಗಡೆ ಬೀದಿ ಸರ್, ಈ ಅಡ್ರೆಸ್ ಅಲ್ಲ,” ಎಂದ, ದಾರಿ ತಪ್ಪಿ ಬಂದವರಿಗೆ ಹೇಳುವಂತೆ.

ಅವನು ತಲೆಯಾಡಿಸಿ ಹೊರಗೆ ಬಂದ. ಗಾಜಿನ ಬಾಗಿಲು ಮುಚ್ಚುವ ಮೊದಲು ಅಪ್ಪನ ದನಿ ಕೇಳಿಸಿತು. “ಯಾರದು? ಪಾಪ, ಮಾತೇ ಆಡಲಿಲ್ಲ.”

ಮನೆಗೆ ಬಂದು ಅಪ್ಪನ ಫೋನನ್ನು ಅದು ಇದ್ದಲ್ಲಿಯೇ ಇಟ್ಟ. ಲ್ಯಾಪ್‌ಟಾಪ್ ತೆರೆದ, ಅಕ್ಷರಗಳು ಉಬ್ಬಿದ್ದವು. ಈ ಸಲ ಎಳೆಯಲಿಲ್ಲ. ಮನೆಯ ಖಾತೆಯಿಂದ ಹೊರಬಂದು ತನ್ನದೊಂದು ಹೊಸ ಖಾತೆ ತೆರೆದು, ಅದರಲ್ಲಿ ಮಾತ್ರ ಸರಿ ಮಾಡಿಕೊಂಡ. ಎಷ್ಟು ಸುಲಭವಿತ್ತು. ಸಂಜೆ ತಂಗಿ ನೋಡಿ ಕಣ್ಣರಳಿಸಿದಳು. “ಏನಣ್ಣ, ಮದುವೆಗೆ ಮುಂಚೇನೇ ಬೇರೆ ಸಂಸಾರ ಹೂಡಿಬಿಟ್ಟೆಯಾ?”

“ಆಫೀಸಿನವರು ಹೇಳಿದ್ರು,” ಎಂದ.

ಮರುದಿನ ಮೇಡಂ ಫೋನು ಮಾಡಿದರು. ದನಿಯಲ್ಲಿ ಕೋಪವಿರಲಿಲ್ಲ, ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು.

“ಮೊನ್ನೆ ಮತ್ತೆ ಎರಡು ಕಳಿಸಿದೀರಿ. ಹಳೇ ಥರದ್ದೇ. ಈ ಸಲ ನಾನು ಬೈಯೋಕೆ ಮುಂಚೆ ನಮ್ಮ ಹುಡುಗರನ್ನ ಕೂರಿಸಿ ನೋಡಿಸಿದೆ. ಕನಿಷ್ಠ ಗಾತ್ರ ಪೂರ್ತಿ ಏರಿಸಿದ್ರೆ ನಮ್ಮ ಪೇಜ್ ನಿಜವಾಗಲೂ ಒಡೆಯುತ್ತೆ. ಗುಂಡಿ ಮುಳುಗುತ್ತೆ. ಅಂದ್ರೆ ನೀವು ಹೇಳಿದ್ದು ಒಂದು ಲೆಕ್ಕದಲ್ಲಿ ಸರೀನೇ.”

ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡ.

“ಆದ್ರೆ ಹಾಗೆ ಇಟ್ಕೊಳ್ಳೋರು ಯಾರ್ರೀ? ನಮ್ಮ ಮೇಲಿನವರು ಅದನ್ನೇ ಕೇಳ್ತಿದಾರೆ. ಇಲ್ಲದ ಜನಕ್ಕೋಸ್ಕರ ಮತ್ತೆ ಕಟ್ಟಬೇಕಾ ಅಂತ. ನಿಮಗೆ ಗೊತ್ತಿರೋರು ಒಬ್ಬರಾದ್ರೂ ಇದ್ರೆ ಹೇಳಿ, ನಿಮ್ಮ ಪರವಾಗಿ ನಾನು ಜಗಳ ಆಡ್ತೀನಿ. ಇಂಥ ದೋಷ ಹಿಡಿಯೋರೇ ನಮಗೆ ಬೇಕಾಗಿರೋದು. ಆ ಲಾಂಡ್ರಿಯಲ್ಲೇ ಯಾರಿಗಾದ್ರೂ ಕಣ್ಣಿನ ತೊಂದರೆ ಇದೆಯಾ? ಅಲ್ಲಿ ಇರೋರೇ ಇಬ್ಬರೋ ಮೂವರೋ. ಮಾಲೀಕರಿಗೇ ಫೋನ್ ಮಾಡಿ ಕೇಳಿಬಿಡ್ಲಾ?”

ಕಿಟಕಿಯ ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿ ಹೋದರು. ಒಂದು ಹೆಸರು ಹೇಳಿದರೆ ಪುಟ ಸರಿಯಾಗುತ್ತದೆ. ತನ್ನ ಕೆಲಸ ಉಳಿಯುತ್ತದೆ. ಆ ಹೆಸರು ಮಾಲೀಕರ ಕಿವಿಗೂ ಹೋಗುತ್ತದೆ: ಎಳೆಯ ಮೇಲೆ ಎಳೆ ಕೂರಿಸುವ ಕೆಲಸದವನಿಗೆ ಕಣ್ಣು ಕಾಣುವುದಿಲ್ಲ ಎಂದು. ಅವರು ಏನೂ ಅನ್ನಲಿಕ್ಕಿಲ್ಲ. ಅನ್ನದೇ ಇರುವುದನ್ನು ಅಪ್ಪ ದಿನವೂ ಕೇಳಿಸಿಕೊಳ್ಳಬೇಕಾಗುತ್ತದೆ. ಹೇಳುವುದು ಸರಿಯೋ, ಹೇಳದಿರುವುದು ಸರಿಯೋ ಅವನಿಗೆ ಗೊತ್ತಾಗಲಿಲ್ಲ. ಹೇಳದಿದ್ದರೆ ಅದೇ ಪುಟ ಅಪ್ಪನ ಮುಂದೆ ಹೋಗಿ ಕೂರುತ್ತದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

“ಹಲೋ? ಇದೀರಾ?”

“ಇದೀನಿ ಮೇಡಂ. ಮಾಲೀಕರನ್ನ ಕೇಳೋದು ಬೇಡ. ಅಲ್ಲಿ ಹಾಗೆ ಯಾರೂ ಇಲ್ಲ. ನನ್ನ ಸೆಟ್ಟಿಂಗ್ ತಪ್ಪಾಗಿತ್ತು, ಅಷ್ಟೆ.”

“ಸರಿ ಮಾಡ್ಕೊಂಡಿದೀನಿ ಅಂತ ಅದಕ್ಕೂ ಮೊದಲೇ ಬರೆದಿದ್ರಲ್ಲ?”

“ಮತ್ತೆ ತಪ್ಪಾಯ್ತು.”

“ಏನೋಪ್ಪ. ನಿಮ್ಮ ಕಣ್ಣನ್ನ ನಂಬಿ ನಾವು ಪೇಜ್ ಬಿಡಬೇಕು. ನೀವೇ ಹೀಗಂದ್ರೆ ಹೇಗೆ?” ಎಂದರು. ಇನ್ನು ಮುಂದುವರಿಸಲು ಆಗುವುದಿಲ್ಲ ಎಂದರು, ಕೊನೆಗೆ ಒಳ್ಳೆಯದಾಗಲಿ ಎಂದೂ ಹೇಳಿದರು. ಅವರು ಕೆಟ್ಟವರಾಗಿರಲಿಲ್ಲ.

“ಏನಾಯ್ತು?” ಎಂದು ಅಪ್ಪ ಸಂಜೆ ಕೇಳಿದ.

“ಆಗಲಿಲ್ಲ. ಲ್ಯಾಪ್‌ಟಾಪಿನ ತೊಂದರೆ.”

“ಹೊಸದು ತಂದರೂ ಹೀಗಾ?” ಅಪ್ಪನ ಮುಖ ಸಣ್ಣದಾಯಿತು. “ನಾನು ಮಾಲೀಕರ ಹತ್ರ ಇನ್ನೊಂದು ಮಾತು ಹೇಳ್ಲಾ?”

“ಬೇಡಪ್ಪ. ಬೇರೆ ನೋಡ್ತೀನಿ.”

ಹೊಸ ಪುಟ ಅಂಗಡಿಗೆ ಬಂತು. ಬಂದ ದಿನವೇ ಅಪ್ಪ ಊಟ ಮುಗಿಸಿ, ಎದ್ದುಹೋಗದೆ ಅಲ್ಲೇ ಕೂತ. ಅಮ್ಮ, ತಂಗಿ ಒಳಗಿದ್ದರು.

“ಅಲ್ಲ, ಆ ಹೊಸ ಪೇಜ್ ಬಂದಿದೆಯಲ್ಲ. ಇಸ್ತ್ರಿಯವನಿಗೆ ಒಂದು ತೊಂದರೆಯಂತೆ. ಎಲ್ಲಾ ಬರೆದ ಮೇಲೆ ಮುಗಿಯಿತು ಅನ್ನೋ ಗುಂಡಿ ಕಾಣಲ್ವಂತೆ.”

ಅವನು ಅಪ್ಪನನ್ನು ನೋಡಿದ. ಅಪ್ಪ ಮೇಜನ್ನು ನೋಡುತ್ತಿದ್ದ.

“ಅವರಿಗೆ ಹೇಳು,” ಎಂದ ಅವನು ನಿಧಾನವಾಗಿ, “ಗುಂಡಿ ಹುಡುಕೋದೇ ಬೇಡ. ಕೊನೇದು ಬರೆದ ಮೇಲೆ ಟ್ಯಾಬ್ ಅನ್ನೋ ಕೀ ಒಂದು ಸಲ ಒತ್ತಲಿ, ಆಮೇಲೆ ಎಂಟರ್. ಗುಂಡಿ ಒತ್ತಿದ ಹಾಗೇ ಆಗುತ್ತೆ.”

“ಟ್ಯಾಬ್ ಎಲ್ಲಿರುತ್ತೆ?”

“ಎಡಗಡೆ ಅಂಚಲ್ಲಿ. ಕಿರುಬೆರಳು ಚಾಚಿದ್ರೆ ಸಿಗುತ್ತೆ, ಸ್ವಲ್ಪ ಅಗಲ ಇರುತ್ತೆ. ನೋಡಬೇಕಾಗಿಲ್ಲ, ಬೆರಳಿಗೇ ಗೊತ್ತಾಗುತ್ತೆ.”

ಅಪ್ಪ ಎಡಗೈಯನ್ನು ಮೇಜಿನ ಮೇಲಿಟ್ಟು ಕಿರುಬೆರಳನ್ನು ಚಾಚಿದ. ಮರದ ಮೇಲೆ ಒಮ್ಮೆ ಒತ್ತಿದ. ಬಲಗೈಯಿಂದ ಇನ್ನೊಮ್ಮೆ.

“ಒಂದು ಸಲ ಅಲ್ವಾ?”

“ಒಂದೇ ಸಲ.”

“ಸರಿ, ನಾಳೆ ಹೇಳ್ತೀನಿ ಅವನಿಗೆ,” ಎಂದು ಅಪ್ಪ ಮೇಜಿನ ಅಂಚು ಹಿಡಿದು ಎದ್ದ. ಅವನು ಕುರ್ಚಿಯನ್ನು ಅಪ್ಪನ ದಾರಿಯಿಂದ ಪಕ್ಕಕ್ಕೆ ಸರಿಸಿದ. ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬರೋಣ ಬಾ ಅಪ್ಪ ಎಂದು ಅವನು ಆ ದಿನವೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.